ಕೋಟಾಲದಿನ್ನೆ ದಾರಿಯ ಹೊಲದಲ್ಲಿ ಒಂದು ಲೂಪ್ ಆಂಟೆನಾ

ನನ್ನದು ಗೌರಿಬಿದನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರ್ ಬಿಚ್ಚಿ, ಕರಕಲಾದ ವೈರ್ ಕಿತ್ತು, ಹೊಸ ತಾಮ್ರ ಸುತ್ತಿ ಕೊಡುವುದು ನನ್ನ ಕೆಲಸ. ರೇಡಿಯೊ ಹುಚ್ಚು ಬಂದದ್ದು ಅಪ್ಪನಿಂದ. ಅಪ್ಪ ಮಧ್ಯಾಹ್ನ ಊಟ ಮುಗಿಸಿ ರೇಡಿಯೊ ಸಿಲೋನ್ ಹಾಕಿ ಕನ್ನಡ ಚಿತ್ರಗೀತೆ ಕೇಳುತ್ತಿದ್ದರು. ಹಾಡು ಅಲೆಯ ಹಾಗೆ ಬಂದು ಹೋಗುತ್ತಿತ್ತು. ಆಗ ಅವರು ರೇಡಿಯೊವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು. ಒಂದು ದಿಕ್ಕಿಗೆ ಬಂದಾಗ ಹಾಡು ನಿಲ್ಲುತ್ತಿತ್ತು, ಇನ್ನೊಂದು ದಿಕ್ಕಿಗೆ ತುಂಬಿ ಬರುತ್ತಿತ್ತು. ಆ ತಿರುಗಿಸುವಿಕೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಇನ್ನೊಂದು ನೆನಪು ಹೈಸ್ಕೂಲಿನದು. ನಮ್ಮನ್ನು ಊರಿನ ಹತ್ತಿರದ ಕೋಟಾಲದಿನ್ನೆಯ ರೇಡಿಯೊ ವೀಕ್ಷಣಾಲಯಕ್ಕೆ ಕರೆದುಕೊಂಡು ಹೋಗಿದ್ದರು. ದೊಡ್ಡ ಗುಮ್ಮಟ, ದೊಡ್ಡ ದುರ್ಬೀನು ಇರುತ್ತದೆ ಅಂದುಕೊಂಡು ಹೋದವರಿಗೆ ಕಂಡದ್ದು ಬಟ್ಟೆ ಒಣಗಿಸುವ ತಂತಿಯ ಹಾಗೆ ಹೊಲದ ಉದ್ದಕ್ಕೂ ಕಟ್ಟಿದ ತಂತಿಗಳು. 1976ರ ಸುಮಾರಿಗೆ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ, ಆಕಾಶದಿಂದ ಬರುವ ರೇಡಿಯೊ ಅಲೆ ಕೇಳುವ ಟೆಲಿಸ್ಕೋಪ್ ಅದು. ಡೈಪೋಲ್ ಅನ್ನುವ ಸಾವಿರ ತಂತಿ ಆಂಟೆನಾಗಳು, ಇಂಗ್ಲಿಷ್ ‘ಟಿ’ ಆಕಾರದಲ್ಲಿ. ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು 450 ಮೀಟರ್. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್. ಆಮೇಲೆ ಅದೇ ಜಾಗದಲ್ಲಿ ಸೂರ್ಯನನ್ನು ಕೇಳಲು ಬೇರೆ ಆಂಟೆನಾಗಳು ಬಂದವು. ‘ಇಲ್ಲೇ ಯಾಕೆ ಕಟ್ಟಿದ್ರು ಸರ್?’ ಅಂತ ನಮ್ಮಲ್ಲೊಬ್ಬ ಕೇಳಿದ. ಸುತ್ತ ಗುಡ್ಡ ಇದೆ, ಊರಿನ ಗದ್ದಲ ಇಲ್ಲಿಗೆ ಬರುವುದು ಕಡಿಮೆ, ಅದಕ್ಕೆ ಅಂದರು ತೋರಿಸುತ್ತಿದ್ದವರು. ಕಿವಿಗೆ ಕೇಳುವ ಗದ್ದಲ ಅಂತಲೇ ನಾನು ತಿಳಿದುಕೊಂಡೆ. ಅವರು ಹೇಳಿದ್ದು ಯಾವ ಗದ್ದಲ ಅಂತ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

2019ರ ಜೂನ್‌ನಲ್ಲಿ ಅಪ್ಪನ ರೇಡಿಯೊ ಹೊರತೆಗೆದೆ. ಬೆಂಗಳೂರು ಬಿಟ್ಟರೆ ಮಿಕ್ಕ ಕಡೆಯೆಲ್ಲ ಗೊರ್ರ್ ಅನ್ನುವ ಸದ್ದು. ರೇಡಿಯೊ ಕೆಟ್ಟಿರಲಿಲ್ಲ. ಬಿಚ್ಚಿ ನೋಡಿದೆ, ಎಲ್ಲ ಸರಿ ಇತ್ತು. ಆಗಲೇ ಕಂಪ್ಯೂಟರ್‌ಗೆ ಚುಚ್ಚುವ ಎಸ್‌ಡಿಆರ್ ಡಾಂಗಲ್, ಅಂದರೆ ಸಾಫ್ಟ್‌ವೇರಿನಿಂದ ಕೆಲಸ ಮಾಡುವ ರೇಡಿಯೊ, ಒಂದನ್ನು ತರಿಸಿಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರ ವಿಶೇಷ ಏನೆಂದರೆ ಬ್ಯಾಂಡಿನ ದೊಡ್ಡ ತುಂಡನ್ನು ಒಟ್ಟಿಗೆ ಪರದೆಯ ಮೇಲೆ ತೋರಿಸುತ್ತದೆ. ಒಂದೊಂದು ಸ್ಟೇಷನ್ನೂ ಒಂದೊಂದು ಗೆರೆಯಾಗಿ ಮೇಲಿನಿಂದ ಕೆಳಗೆ ಹರಿಯುತ್ತದೆ. ಅದಕ್ಕೆ ವಾಟರ್‌ಫಾಲ್ ಅಂತಲೇ ಹೆಸರು.

ಅಪ್ಪನ ರೇಡಿಯೊದಲ್ಲಿ ಆಂಟೆನಾ ಆಗಿ ಫೆರೈಟ್ ರಾಡ್ ಇತ್ತು, ಜೊತೆಗೆ ಸ್ಟೇಷನ್ ಆರಿಸುವ ಗ್ಯಾಂಗ್ ಕಂಡೆನ್ಸರ್. ಗುಂಡಿ ತಿರುಗಿಸಿದಂತೆ ಆಂಟೆನಾ ಸಹ ಆ ಒಂದೇ ಸ್ಟೇಷನ್ನಿಗೆ ಟ್ಯೂನ್ ಆಗುತ್ತಿತ್ತು, ಬೇರೆಯವಕ್ಕೆ ಬಾಗಿಲು ಹಾಕುತ್ತಿತ್ತು. ಡಾಂಗಲ್ ಹಾಗಲ್ಲ. ಅದಕ್ಕೆ ಮೀಡಿಯಂ ವೇವ್‌ನಿಂದ 30 ಮೆಗಾಹರ್ಟ್ಸ್ ತನಕ ಎಲ್ಲವನ್ನೂ ಒಂದೇ ಸಮನಾಗಿ ತಂದುಕೊಡುವ ಆಂಟೆನಾ ಬೇಕು. ಅಷ್ಟು ಅಗಲದ ಆಂಟೆನಾವನ್ನು ಬರೀ ತಂತಿಯಲ್ಲಿ ಮಾಡಲು ನನ್ನ ಹತ್ತಿರ ಕೋಟಾಲದಿನ್ನೆಯ ಹೊಲ ಇಲ್ಲ. ಅದಕ್ಕೆ ಇರುವ ಉಪಾಯ, ಆಂಟೆನಾ ಚಿಕ್ಕದಾಗಿ ಮಾಡಿ ಅದರ ಬುಡದಲ್ಲೇ ಒಂದು ಪ್ರಿಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಪುಟ್ಟ ಸರ್ಕ್ಯೂಟ್, ಕೂರಿಸುವುದು.

ಮೊದಲು ಕಟ್ಟಿದ್ದು ಮಿನಿ ವಿಪ್ ಅನ್ನುವ ಆಂಟೆನಾ. ನೆದರ್ಲೆಂಡ್ಸ್‌ನ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರು, ರೂಲೋಫ್ ಬಕ್ಕರ್ ಮಾಡಿದ ವಿನ್ಯಾಸ. ಗಾಳಿಯಲ್ಲಿ ಅವರ ಗುರುತಿನ ಹೆಸರು, ಕಾಲ್‌ಸೈನ್, ಪಿಎ0ಆರ್‌ಡಿಟಿ. ಇದರಲ್ಲಿ ಆಂಟೆನಾ ಅಂದರೆ ಬೆಂಕಿಪೊಟ್ಟಣದಷ್ಟು ತಾಮ್ರದ ಪಿಸಿಬಿ ತುಂಡು, ಅಷ್ಟೇ. ಅದರ ಹಿಂದೆ ಜೆ310 ಫೆಟ್ (ಅದೂ ಒಂದು ಬಗೆಯ ಟ್ರಾನ್ಸಿಸ್ಟರೇ), ಅದರ ಹಿಂದೆ 2ಎನ್5109 ಟ್ರಾನ್ಸಿಸ್ಟರ್. ಸಿಗ್ನಲ್ ಕೆಳಗೆ ಬರುವ ಕೇಬಲ್‌ನಲ್ಲೇ 12 ವೋಲ್ಟ್ ಮೇಲೆ ಹೋಗುತ್ತದೆ. ಬೆಂಗಳೂರಿನಲ್ಲಿ ಓದುತ್ತಿದ್ದ ಅಕ್ಕನ ಮಗ ಎಸ್.ಪಿ. ರೋಡ್ ಸುತ್ತಿ ಸಾಮಾನು ತಂದ. 2ಎನ್5109 ಸಿಗಲಿಲ್ಲ, 2ಎನ್3866 ತಂದ. ಅದೂ ನಡೆಯುತ್ತದೆ. ಎರಡು ಸಂಜೆಯಲ್ಲಿ ಸೋಲ್ಡರ್ ಮುಗಿಯಿತು. ಪಿವಿಸಿ ಪೈಪಿನೊಳಗೆ ಇಳಿಸಿ, ಅಂಗಡಿ ಮಹಡಿಯ ಮೇಲೆ ನಿಲ್ಲಿಸಿದೆ.

ಆನ್ ಮಾಡಿದ ಕೂಡಲೇ ಪರದೆ ತುಂಬಿಹೋಯಿತು. ಅಷ್ಟೊಂದು ಗೆರೆ! ಖುಷಿಯಲ್ಲಿ ರಾತ್ರಿ ಹನ್ನೆರಡರ ತನಕ ಕೂತೆ. ಮೂರನೇ ದಿನ ಅನುಮಾನ ಬಂತು. ಬೆಂಗಳೂರು ಆಕಾಶವಾಣಿ ಇರುವುದು 612 ಕಿಲೋಹರ್ಟ್ಸ್‌ನಲ್ಲಿ, 200 ಕಿಲೋವಾಟ್ ಸ್ಟೇಷನ್. ಅದೇ ದನಿ, ಅದೇ ವಾರ್ತೆ 1224ರಲ್ಲೂ ಕೇಳುತ್ತಿತ್ತು. 612ರ ಎರಡರಷ್ಟು. ಚೀನಾದ ಬಿಪಿಎಂ ಅನ್ನುವ ಸಮಯ ಸಂಕೇತ 15 ಮೆಗಾಹರ್ಟ್ಸ್‌ನಲ್ಲಿ ಟಿಕ್ ಟಿಕ್ ಅನ್ನಬೇಕು, ಅದು 13.8ರಲ್ಲೂ ಟಿಕ್ ಟಿಕ್ ಅನ್ನುತ್ತಿತ್ತು. ಅಂದರೆ ನಾನು ನೋಡಿ ಖುಷಿಪಟ್ಟ ಗೆರೆಗಳಲ್ಲಿ ಎಷ್ಟೋ ಸುಳ್ಳು.

13.8ರ ಗುಟ್ಟು ಬೇಗ ಸಿಕ್ಕಿತು. ಈ ಡಾಂಗಲ್ ಸೆಕೆಂಡಿಗೆ 2.88 ಕೋಟಿ ಸಲ ಸಿಗ್ನಲ್ ಅಳೆಯುತ್ತದೆ. ಅದರ ಅರ್ಧ 14.4 ಮೆಗಾಹರ್ಟ್ಸ್. ಅಲ್ಲಿ ಕನ್ನಡಿ ಇಟ್ಟ ಹಾಗೆ. 14.4ಕ್ಕಿಂತ 0.6 ಮೇಲಿರುವುದು 0.6 ಕೆಳಗೂ ಕಾಣುತ್ತದೆ. ಫಿಲ್ಟರ್ ಹಾಕಿ ಅದನ್ನು ತಡೆಯಬಹುದು. 1224ರ ಭೂತ ಹಾಗಲ್ಲ. ಅದು ಹುಟ್ಟುತ್ತಿರುವುದು ಪ್ರಿಆಂಪಿನಲ್ಲೋ ಡಾಂಗಲ್‌ನಲ್ಲೋ ಮೊದಲು ಗೊತ್ತಾಗಬೇಕು.

ಇಲ್ಲಿ ನನಗೆ ದಾರಿ ತೋರಿಸಿದವರು ನಮ್ಮ ಊರಿನ ಹಿರಿಯ ಹ್ಯಾಮ್ ಒಬ್ಬರು. ನಿವೃತ್ತ ಮೇಷ್ಟ್ರು. ಅವರ ಮನೆ ಪಂಪ್ ಮೋಟಾರ್ ನಾನೇ ಸುತ್ತಿಕೊಟ್ಟಿದ್ದೆ. ‘ಮೂರು ರೆಸಿಸ್ಟರ್ ಸಾಕು ಕಣಪ್ಪ’ ಅಂದರು. ‘ಎರಡು 100 ಓಮ್, ನಡುವೆ ಒಂದು 68. ಹತ್ತು ಡಿಬಿ ಇಳಿಸೋ ಅಟೆನ್ಯುಯೇಟರ್ ಆಯ್ತು. ಪ್ರಿಆಂಪಿಗೂ ಡಾಂಗಲ್‌ಗೂ ಮಧ್ಯೆ ಹಾಕು. ಎಷ್ಟು ಇಳಿಯುತ್ತೆ ಬರ್ಕೋ.’

ಡಿಬಿ ಅಂದರೆ ಡೆಸಿಬೆಲ್, ಸಿಗ್ನಲ್ ಎಷ್ಟು ಏರಿತು ಎಷ್ಟು ಇಳಿಯಿತು ಅಂತ ಹೇಳುವ ಅಳತೆ. ಇದರ ಲೆಕ್ಕ ಬಹಳ ಚೆನ್ನಾಗಿದೆ. ನಿಜವಾದ ಸ್ಟೇಷನ್ ಆದರೆ ಸರಿಯಾಗಿ 10 ಡಿಬಿ ಇಳಿಯುತ್ತದೆ. ಡಾಂಗಲ್‌ನೊಳಗೆ ಹುಟ್ಟಿದ ಎರಡರಷ್ಟಿನ ಭೂತ ಆದರೆ 20 ಡಿಬಿ ಇಳಿಯುತ್ತದೆ, ಯಾಕೆಂದರೆ ಅದರ ತಾಯಿ ಸಿಗ್ನಲ್ ಒಂದು ಪಾಲು ಇಳಿದರೆ ಅದು ಎರಡು ಪಾಲು ಇಳಿಯುತ್ತದೆ. ಪ್ರಿಆಂಪಿನಲ್ಲೇ ಹುಟ್ಟಿ ಬಂದದ್ದಾದರೆ ನಿಜದ ಸ್ಟೇಷನ್ನಿನ ಹಾಗೆ 10 ಮಾತ್ರ. ಹಾಕಿ ನೋಡಿದೆ. 1224 ಹದಿನೆಂಟು ಡಿಬಿ ಇಳಿಯಿತು. ಹೆಚ್ಚು ತಪ್ಪು ಡಾಂಗಲ್‌ನದು, ಅದಕ್ಕೆ ತಾಳಲಾರದಷ್ಟು ಸಿಗ್ನಲ್ ನಾನು ಸುರಿಯುತ್ತಿದ್ದೆ. ಇನ್ನೊಂದು ಅಟೆನ್ಯುಯೇಟರ್ ಹಾಕಿದೆ. ಆಗ ಉಳಿದ ಸಣ್ಣ ಭೂತ ಬರೀ ಹತ್ತು ಇಳಿಯಿತು. ಅದು ಪ್ರಿಆಂಪಿನದು. ಒಂದೇ ಫೆಟ್, ಒಂದೇ ಟ್ರಾನ್ಸಿಸ್ಟರ್ ಇರುವ ಸರ್ಕ್ಯೂಟಿನಲ್ಲಿ ಅಷ್ಟು ಇದ್ದೇ ಇರುತ್ತದೆ.

‘ಸರ್, ಇಪ್ಪತ್ತು ಡಿಬಿ ಕಳೆದ್ರೆ ಸಣ್ಣ ಸ್ಟೇಷನ್ ಹೋಗಲ್ವಾ?’ ಅಂದೆ.

‘ಆಂಟೆನಾ ಕಿತ್ತು ನೋಡು. ಕಿತ್ತಾಗ ಗದ್ದಲ ಇಳಿದ್ರೆ, ಹಾಕಿದಾಗ ಏರಿದ್ರೆ, ಸಾಕಷ್ಟು ಗೇನ್, ಅಂದ್ರೆ ಹಿಗ್ಗಿಸೋ ಶಕ್ತಿ, ಇದೆ ಅಂತ. ಅದಕ್ಕಿಂತ ಜಾಸ್ತಿ ಕೊಟ್ರೆ ಗದ್ದಲವೂ ಜೋರು, ದನಿಯೂ ಜೋರು. ನಡುವಿನ ಅಂತರ ಅಷ್ಟೇ ಇರುತ್ತೆ.’

ಅಂದಿನಿಂದ ನಾನು ಸದ್ದಿನ ಜೋರು ನೋಡುವುದು ಬಿಟ್ಟೆ. ಪರದೆಯ ಕೆಳಗಿನ ಹುಲ್ಲಿನಂಥ ಗೆರೆಗೂ ಸ್ಟೇಷನ್ನಿನ ತುದಿಗೂ ಇರುವ ಅಂತರ ಎಷ್ಟು ಅಂತ ಮಾತ್ರ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ. 30 ಮೆಗಾಹರ್ಟ್ಸ್‌ನ ಕೆಳಗೆ ಆಕಾಶದ ಸಿಡಿಲು, ಊರಿನ ಕರೆಂಟು ಸೇರಿ ಎಬ್ಬಿಸುವ ಗದ್ದಲ ರಿಸೀವರಿನ ಸ್ವಂತ ಗದ್ದಲಕ್ಕಿಂತ ಎಷ್ಟೋ ಪಾಲು ದೊಡ್ಡದು. ಪ್ರಿಆಂಪ್ ಎಷ್ಟೇ ಒಳ್ಳೆಯದಿದ್ದರೂ ಆಂಟೆನಾಕ್ಕೆ ಬಂದ ಗದ್ದಲವನ್ನು ಅದು ಬೇರೆ ಮಾಡಲಾರದು. ಹಾಗಾದರೆ ಮಾಡಬೇಕಾದ ಕೆಲಸ ಇರುವುದು ಗದ್ದಲದ ಕಡೆ.

ಒಂದು ಭಾನುವಾರ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಿಸಿಕೊಂಡು, ಪ್ರಿಆಂಪಿಗೆ ಬೈಕ್ ಬ್ಯಾಟರಿ ಕೊಟ್ಟು, ಅಂಗಡಿ ಮೇನ್ ಸ್ವಿಚ್ ಇಳಿಸಿದೆ. ಹುಲ್ಲು 15 ಡಿಬಿ ಕೆಳಗೆ ಕುಸಿಯಿತು. ನನ್ನ ಅಂಗಡಿಯೊಳಗೇ ಅಷ್ಟೊಂದು ಗದ್ದಲ ಹುಟ್ಟುತ್ತಿತ್ತು. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಹೋದೆ. ಎಲ್‌ಇಡಿ ಬಲ್ಬ್ ಎರಡು ಕೆಟ್ಟವು, ಮೂರು ಒಳ್ಳೆಯವು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ 65 ಕಿಲೋಹರ್ಟ್ಸ್‌ಗೆ ಒಂದೊಂದರಂತೆ ದಪ್ಪ ದಿಬ್ಬಗಳು ಪರದೆಯ ಉದ್ದಕ್ಕೂ ಎದ್ದವು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಎಲ್ಲಕ್ಕಿಂತ ಕೆಟ್ಟದ್ದು. ಟಿವಿ ಆಫ್ ಇದ್ದರೂ ಅದು ಕೂಗುತ್ತಲೇ ಇತ್ತು. ನನ್ನವನ್ನೆಲ್ಲ ಬದಲಿಸಿದೆ. ಆದರೆ ಪಕ್ಕದ ಅಂಗಡಿ, ಎದುರಿನ ಅಂಗಡಿ, ಬೀದಿ ದೀಪ?

ಮಿನಿ ವಿಪ್‌ನ ಇನ್ನೊಂದು ಗುಣ ಇಲ್ಲಿ ಕಾಟ ಕೊಟ್ಟಿತು. ಆ ಚಿಕ್ಕ ತಾಮ್ರದ ತುಂಡು ಆಂಟೆನಾದ ಅರ್ಧ ಮಾತ್ರ. ಮಿಕ್ಕ ಅರ್ಧ ಅದರ ಕೇಬಲ್ಲಿನ ಹೊರ ಜಾಲರಿ. ಮನೆಯೊಳಗೆ ಓಡುವ ಕೇಬಲ್ಲೇ ಆಂಟೆನಾ ಆದರೆ ಮನೆಯ ಗದ್ದಲವೂ ಅದರಲ್ಲೇ ಹತ್ತಿ ಹೋಗುತ್ತದೆ. ಕೇಬಲ್ ಗೋಡೆ ಮುಟ್ಟುವ ಮೊದಲೇ ಅದನ್ನು ಭೂಮಿಗೆ ಅರ್ಥ್ ಮಾಡಬೇಕು, ಅಲ್ಲೇ ಫೆರೈಟ್ ಉಂಗುರಕ್ಕೆ ಕೇಬಲ್ ಸುತ್ತಿ ಗದ್ದಲ ತಡೆಯುವ ಚೋಕ್ ಹಾಕಬೇಕು. ನಾನು ಹಳೆ ಕಂಪ್ಯೂಟರ್ ಸಪ್ಲೈನಿಂದ ಹಳದಿ ಬಿಳಿ ಉಂಗುರ ಕಿತ್ತು ಹತ್ತು ಸುತ್ತು ಸುತ್ತಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಅದು ಫೆರೈಟ್ ಅಲ್ಲ, ಕಬ್ಬಿಣದ ಪುಡಿಯ ಉಂಗುರ. ಈ ಕೆಲಸಕ್ಕೆ ಬರುವುದಿಲ್ಲ. ಯಾರಾದರೂ ಕಟ್ಟುವವರಿದ್ದರೆ ದಯವಿಟ್ಟು ಆ ಬಣ್ಣ ನೆನಪಿಟ್ಟುಕೊಳ್ಳಿ. ನಿಜವಾದ ಫೆರೈಟ್ ಹಾಕಿದ ಮೇಲೆ 8 ಡಿಬಿ ಇಳಿಯಿತು.

ಅಕ್ಟೋಬರಿನಲ್ಲಿ ಒಂದು ಸಂಜೆ ಸಿಡಿಲು ಮಳೆ. ಕೇಬಲ್ ಕಿತ್ತಿರಲಿಲ್ಲ. ಸಿಡಿಲು ದೂರದಲ್ಲೇ ಬಿದ್ದದ್ದು, ಆದರೂ ಮರುದಿನ ಜೆ310 ಸತ್ತಿತ್ತು. ಫೆಟ್‌ನ ಗೇಟ್ ಅಷ್ಟು ನಾಜೂಕು.

ಅದೇ ಫೆಟ್ ಮತ್ತೆ ಹಾಕಬಹುದಿತ್ತು. ಹಾಕಲಿಲ್ಲ. ಊರೊಳಗೆ ಎಷ್ಟು ಮಾಡಿದರೂ ಒಂದು ಮಿತಿ ಇದೆ ಅಂತ ನೋಟ್‌ಬುಕ್ ಹೇಳುತ್ತಿತ್ತು. ಕೋಟಾಲದಿನ್ನೆ ದಾರಿಯಲ್ಲಿ ನಮ್ಮದು ಎರಡು ಎಕರೆ ಇದೆ. ಕಡಲೆಕಾಯಿ, ಮುಸುಕಿನ ಜೋಳ. ಒಂದು ಪಂಪ್ ಶೆಡ್. ಪಂಪ್‌ಸೆಟ್‌ಗೆ ತ್ರೀಫೇಸ್ ದಿನಕ್ಕೆ ಏಳು ಗಂಟೆ. ಮಿಕ್ಕ ಹೊತ್ತು ಸುತ್ತ ಯಾವ ಮೋಟಾರೂ ಓಡುವುದಿಲ್ಲ. ಆ ಹೊತ್ತಿನಲ್ಲಿ ಅಪ್ಪನ ರೇಡಿಯೊ ಹಿಡಿದುಕೊಂಡು ಶೆಡ್ಡಿನ ಹತ್ತಿರ ನಿಂತೆ. ಸ್ಟೇಷನ್ ಇಲ್ಲದ ಜಾಗದಲ್ಲಿ ಬರೀ ಮೆತ್ತನೆಯ ಉಸಿರಿನಂಥ ಸದ್ದು. ಸುತ್ತ ಗುಡ್ಡ. ಹೈಸ್ಕೂಲಿನಲ್ಲಿ ಕೇಳಿದ ಉತ್ತರ ಅಲ್ಲಿ ನಿಂತಾಗ ಸರಿಯಾಗಿ ಅರ್ಥವಾಯಿತು.

ಈ ಸಲ ಲೂಪ್ ಆಂಟೆನಾ. ಬಲ್ಗೇರಿಯಾದ ಹ್ಯಾಮ್ ಚಾವ್ದಾರ್ ಲೆವ್ಕೋವ್, ಎಲ್‌ಜಡ್1ಎಕ್ಯೂ, ತೋರಿಸಿಕೊಟ್ಟ ದಾರಿ. ತಾಮ್ರದ ಒಂದು ಬಳೆ, ಅದರ ತುದಿಗಳನ್ನು ಬಹಳ ಕಡಿಮೆ ಓಮ್‌ನ ಪ್ರಿಆಂಪಿಗೆ ಕೊಡಬೇಕು. ಮೋಟಾರ್ ಸುತ್ತುವ ನನಗೆ ಇದು ಕೂಡಲೇ ಹಿಡಿಸಿತು. ಬಳೆಯಲ್ಲಿ ಹುಟ್ಟುವ ವೋಲ್ಟೇಜ್ ಫ್ರೀಕ್ವೆನ್ಸಿ ಏರಿದಂತೆ ಏರುತ್ತದೆ. ಬಳೆಯ ಇಂಡಕ್ಟೆನ್ಸ್ ಒಡ್ಡುವ ತಡೆಯೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ತುದಿಗಳನ್ನು ಹತ್ತಿರ ಹತ್ತಿರ ಶಾರ್ಟ್ ಮಾಡಿದ ಹಾಗೆ ಇಟ್ಟು, ಅಲ್ಲಿ ಹರಿಯುವ ಕರೆಂಟನ್ನು ತೆಗೆದುಕೊಂಡರೆ ಅದು ಮೀಡಿಯಂ ವೇವ್‌ನಿಂದ ಶಾರ್ಟ್‌ವೇವ್ ತನಕ ಒಂದೇ ಸಮ. ಟ್ಯೂನಿಂಗ್ ಕಂಡೆನ್ಸರ್ ಬೇಕಿಲ್ಲ. ಎಷ್ಟು ಸರಳ, ಅಲ್ವಾ?

ಬಸ್ ಸ್ಟ್ಯಾಂಡ್ ಹತ್ತಿರದ ಫ್ರಿಜ್ ಮೆಕ್ಯಾನಿಕ್ ಹತ್ತಿರ ಮೂರೂ ಕಾಲು ಮೀಟರ್ ಮೆತ್ತನೆಯ ತಾಮ್ರದ ಪೈಪ್ ತಂದೆ. ಒಂದು ಮೀಟರ್ ಅಗಲದ ಬಳೆ ಆಯಿತು. ಲೆಕ್ಕ ಹಾಕಿದರೆ ಇಂಡಕ್ಟೆನ್ಸ್ ಸುಮಾರು 3 ಮೈಕ್ರೋಹೆನ್ರಿ. ಬೆಂಗಳೂರಿನ 612ರಲ್ಲಿ ಅದರ ತಡೆ ಹನ್ನೊಂದು ಹನ್ನೆರಡು ಓಮ್. ಪ್ರಿಆಂಪಿನ ಒಳತಡೆ ಅದಕ್ಕಿಂತ ಚೆನ್ನಾಗಿ ಕಡಿಮೆ ಇರಬೇಕು. ಅದಕ್ಕೇ ಕಾಮನ್ ಬೇಸ್ ಸರ್ಕ್ಯೂಟ್, ಅಂದರೆ ಸಿಗ್ನಲ್ಲನ್ನು ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಕೊಡುವುದು. ಟ್ರಾನ್ಸಿಸ್ಟರಿನಲ್ಲಿ 10 ಮಿಲಿಆಂಪ್ ಹರಿಸಿದರೆ ಎಮಿಟರ್ ಕಡೆಯ ತಡೆ ಎರಡೂವರೆ ಓಮ್ ಚಿಲ್ಲರೆ. ಎರಡನ್ನು ಎದುರು ಬದುರು ಕೂರಿಸಿದರೆ ಐದು ಓಮ್. ಎದುರು ಬದುರು ಕೂರಿಸುವುದರಿಂದ ಇನ್ನೊಂದು ಲಾಭವಿದೆ. ಎರಡೂ ಕಡೆ ಸಮನಾಗಿದ್ದರೆ 1224ರಂಥ ಎರಡರಷ್ಟಿನ ಭೂತಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಸಮ ಅನ್ನುವುದೇ ಇಲ್ಲಿನ ಪ್ರಾಣ. ಇಪ್ಪತ್ತು 2ಎನ್2222ಎ ಕೊಂಡು, ಮಲ್ಟಿಮೀಟರಿನಲ್ಲಿ ಗೇನ್ ಅಳೆದು, ಹೊಂದುವ ಎರಡು ಜೋಡಿ ಆರಿಸಿದೆ. ಮುಂದೆ ಒಂದು ಜೋಡಿ ಕಾಮನ್ ಬೇಸ್, ಹಿಂದೆ ಒಂದು ಜೋಡಿ. ಹೊರಗಿನ ಟ್ರಾನ್ಸ್‌ಫಾರ್ಮರ್‌ಗೆ ದೂರದರ್ಶನ ಕಾಲದ ಟಿವಿ ಆಂಟೆನಾದ ಬಾಲನ್ ಅನ್ನುವ ಪುಟ್ಟ ಟ್ರಾನ್ಸ್‌ಫಾರ್ಮರ್ ಒಡೆದು, ಅದರೊಳಗಿನ ಎರಡು ತೂತಿನ ಫೆರೈಟ್ ತೆಗೆದೆ. 32 ಗೇಜ್ ಇನಾಮೆಲ್ ವೈರ್ ಮೂರು ಎಳೆ ಸೇರಿಸಿ ಹೊಸೆದು ಸುತ್ತಿದೆ. ಮೋಟಾರ್‌ನಲ್ಲಿ ಒಂದು ಕಾಯಿಲ್‌ನಲ್ಲಿ ಎರಡು ಸುತ್ತು ಹೆಚ್ಚು ಕಡಿಮೆ ಆದರೂ ಮೋಟಾರ್ ಬಿಸಿಯಾಗಿ ಹೇಳುತ್ತದೆ. ಇಲ್ಲಿ ಬಿಸಿಯೂ ಆಗುವುದಿಲ್ಲ, ಸದ್ದೂ ಮಾಡುವುದಿಲ್ಲ. ಎಣಿಸಿಯೇ ಸುತ್ತಬೇಕು. ಇಷ್ಟು ಚಿಕ್ಕ ವೈಂಡಿಂಗ್ ನಾನು ಜನ್ಮದಲ್ಲಿ ಸುತ್ತಿರಲಿಲ್ಲ. ಭೂತಕನ್ನಡಿ ಇಟ್ಟುಕೊಂಡು ಸುತ್ತಿದೆ.

ಮೊದಲ ಸಲ ಪವರ್ ಕೊಟ್ಟಾಗ ಪರದೆ ತುಂಬ ಹಾವಿನಂತೆ ಹೊರಳುವ ಗೆರೆಗಳು. ಕೈ ಹತ್ತಿರ ಒಯ್ದರೆ ಅವೂ ಸರಿಯುತ್ತಿದ್ದವು. ಪ್ರಿಆಂಪ್ ತಾನೇ ಆಸಿಲೇಟ್ ಆಗುತ್ತಿತ್ತು, ಅಂದರೆ ತಾನೇ ಸಿಗ್ನಲ್ ಹುಟ್ಟಿಸುತ್ತಿತ್ತು. ಬೇಸ್‌ನಿಂದ ಅರ್ಥ್‌ಗೆ ಹೋಗುವ ಕಂಡೆನ್ಸರಿನ ಕಾಲು ಒಂದಿಂಚು ಉದ್ದ ಬಿಟ್ಟಿದ್ದೆ. ಕತ್ತರಿಸಿ ಹತ್ತಿರ ಕೂರಿಸಿ, ಕಲೆಕ್ಟರ್ ಕಾಲಿಗೆ ಫೆರೈಟ್ ಮಣಿ ತೊಡಿಸಿದೆ. ಹಾವುಗಳು ಹೋದವು.

ಕೇಬಲ್‌ಗೆ ಡಿಶ್ ಟಿವಿಯ ಆರ್‌ಜಿ6, 30 ಮೀಟರ್. 75 ಓಮ್ ಕೇಬಲ್, 50 ಓಮ್ ರಿಸೀವರ್. ಕೇಳುವುದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಶೆಡ್ಡಿನಲ್ಲಿ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಪ್ರಿಆಂಪ್ 90 ಮಿಲಿಆಂಪ್ ಕುಡಿಯುತ್ತದೆ, ಹಾಗಾಗಿ ಎರಡು ಮೂರು ದಿನ ಹಿಡಿಯುತ್ತದೆ. ಲೂಪ್ ಕಂಬ ಬಿದಿರಿನದು, ಕೈಯಲ್ಲಿ ತಿರುಗಿಸುವ ಹಾಗೆ ಬುಡದಲ್ಲಿ ಪೈಪ್ ಹೂತಿದ್ದೇನೆ.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ, ಹನ್ನೆರಡು ಗಂಟೆ. ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಭದ್ರಾವತಿ, 675 ಕಿಲೋಹರ್ಟ್ಸ್. ಇಲ್ಲಿಂದ ಪಡುವಣಕ್ಕೆ ಇನ್ನೂರು ಕಿಲೋಮೀಟರ್ ಹತ್ತಿರ. ರಾತ್ರಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ನಡು ಹಗಲಲ್ಲಿ ನೆಲದ ಮೇಲೆ ತೆವಳಿ ಬರಬೇಕು. ಪಕ್ಕದಲ್ಲೇ 612ರಲ್ಲಿ ಬೆಂಗಳೂರು ಅಬ್ಬರಿಸುತ್ತಿರುತ್ತದೆ. ಲೂಪ್ ತನ್ನ ಅಂಚು ಯಾವ ಕಡೆ ಇದೆಯೋ ಆ ಕಡೆ ಚೆನ್ನಾಗಿ ಕೇಳುತ್ತದೆ, ಮುಖ ಇರುವ ಕಡೆ ಕಿವುಡು. ನಮ್ಮ ಪುಣ್ಯಕ್ಕೆ ಬೆಂಗಳೂರು ತೆಂಕಣಕ್ಕೆ, ಭದ್ರಾವತಿ ಪಡುವಣಕ್ಕೆ. ಕಂಬ ಹಿಡಿದು ತಿರುಗಿಸಿದೆ. ಅಂಚು ಪಡುವಣಕ್ಕೆ ಬರುತ್ತಿದ್ದಂತೆ ಬೆಂಗಳೂರಿನ ಗೆರೆ ತೆಳುವಾಗುತ್ತ, ಆಗುತ್ತ, ಪೂರ್ತಿ ಕುಗ್ಗಿತು. 675ರಲ್ಲಿ ಮಾತು ಬಂತು. ತೇಲಾಡದ, ಗಟ್ಟಿ ಮಾತು. ಅಂತರ 22 ಡಿಬಿ. ಅಂಗಡಿ ಮಹಡಿಯಲ್ಲಿ ಅದೇ ಹೊತ್ತಿಗೆ ಅದು 3 ಇತ್ತು. 1224ಕ್ಕೆ ಹೋಗಿ ನೋಡಿದೆ. ಬರೀ ಹುಲ್ಲು. ಅಪ್ಪ ಎರಡೂ ಕೈಯಲ್ಲಿ ರೇಡಿಯೊ ತಿರುಗಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವರಿದ್ದಿದ್ದರೆ ಕಂಬ ನನ್ನ ಕೈಗೆ ಸಿಗುತ್ತಿರಲಿಲ್ಲ.

ಒಂದು ಕಾಟ ಮಾತ್ರ ಉಳಿದಿತ್ತು. ಸೆಕೆಂಡಿಗೊಂದು ಟಕ್. ಎಲ್ಲ ಫ್ರೀಕ್ವೆನ್ಸಿಯಲ್ಲೂ ಟಕ್, ಟಕ್. ಹಗಲೂ ರಾತ್ರಿ. ಮೂರು ಹೊಲದಾಚೆ ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದ್ದರು, ಅದರ ಬಡಿತ. ಬೇಲಿ ಸರಿಯಾಗಿದ್ದರೆ ಇಷ್ಟು ಸದ್ದು ಬರಬಾರದು ಅಂತ ಮೇಷ್ಟ್ರು ಅಂದರು. ಎಲ್ಲೋ ಕಿಡಿ ಹಾರುತ್ತಿರಬೇಕು. ಹೊಲದವರನ್ನು ಕೇಳಿದೆ. ‘ಬನ್ನಿ ಅಣ್ಣ, ನಾನೂ ಬರ್ತೀನಿ’ ಅಂತ ಜೊತೆಗೇ ಬಂದರು. ಅಪ್ಪನ ರೇಡಿಯೊ ಹಿಡಿದು ಬೇಲಿ ಉದ್ದಕ್ಕೂ ನಡೆದೆವು. ಒಂದು ಮೂಲೆಯಲ್ಲಿ ಟಕ್ ಬಹಳ ಜೋರಾಯಿತು. ನೋಡಿದರೆ ಹಸಿ ಹುಲ್ಲು, ಲಂಟಾನ ಕಡ್ಡಿ ತಂತಿಗೆ ತಾಕಿದೆ. ಸಂಜೆಗತ್ತಲಲ್ಲಿ ನೀಲಿ ಕಿಡಿ ಕಾಣುತ್ತಿತ್ತು. ಮರುದಿನ ಬೇಲಿ ಆಫ್ ಮಾಡಿ ಇಬ್ಬರೂ ಸೇರಿ ಕಡಿದೆವು. ಅವರ ಬೇಲಿಗೆ ಶಾಕ್ ಜಾಸ್ತಿ ಆಯಿತು, ನನಗೆ ಟಕ್ ನಿಂತಿತು.

ಡಿಸೆಂಬರ್ 26ಕ್ಕೆ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಕಂಕಣ, ನಮ್ಮಲ್ಲಿ ಪಾರ್ಶ್ವ, ಆದರೂ ಸೂರ್ಯನ ಬಹುಪಾಲು ಮುಚ್ಚುತ್ತದೆ. ಮೀಡಿಯಂ ವೇವ್ ಹಗಲಲ್ಲಿ ದೂರ ಹೋಗದಿರಲು ಕಾರಣ ಆಕಾಶದ ಡಿ ಪದರ. ನೆಲದಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಬೆಳಕಿಂದ ಅದು ಕಟ್ಟಿಕೊಳ್ಳುತ್ತದೆ, ಮೇಲೆ ಹೋದ ಅಲೆಯನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಅದು ಕರಗುತ್ತದೆ. ಗ್ರಹಣದಲ್ಲಿ ಬೆಳಕು ಕಡಿಮೆಯಾದರೆ ಆ ಪದರವೂ ತೆಳುವಾಗಬೇಕಲ್ಲ? ಇದನ್ನು ಸ್ವಂತ ಆಂಟೆನಾದಲ್ಲಿ ಕೇಳಬೇಕು ಅಂತ ಹಟ ಹಿಡಿಯಿತು.

ಅಮ್ಮ ಬೇಡ ಅಂದರು. ‘ಗ್ರಹಣದಲ್ಲಿ ಹೊರಗೆ ಹೋಗ್ಬಾರ್ದು ಕಣಪ್ಪ, ಒಂದೇ ದಿನ ಅಲ್ವಾ.’ ನಾನು ವಾದ ಮಾಡಲಿಲ್ಲ. ಪವಾಡಗಳನ್ನು ಪರೀಕ್ಷಿಸಬೇಕು ಅಂತ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರ ಹೊಸೂರು ನಮ್ಮದೇ ತಾಲ್ಲೂಕು. ಅಮ್ಮನಿಗೂ ಅವರ ಮೇಲೆ ತುಂಬ ಗೌರವ. ‘ಅವರಾಗಿದ್ರೆ ಹೋಗ್ತಿದ್ರಮ್ಮ’ ಅಂದೆ. ಸುಮ್ಮನಾದರು. ಹೊರಡುವಾಗ ಮಾತ್ರ ನೀರಿನ ಬಾಟಲಿಗೆ ಒಂದು ಎಳೆ ದರ್ಭೆ ಕಟ್ಟಿ ಕೊಟ್ಟರು. ತೆಗೆದುಕೊಂಡು ಹೋದೆ.

ಬೆಳಿಗ್ಗೆ ಏಳಕ್ಕೇ ಶೆಡ್ಡಿನಲ್ಲಿ ಕೂತೆ. ಧಾರವಾಡ 765ಕ್ಕೆ ಇಟ್ಟೆ. ಲೂಪ್ ಅಂಚು ವಾಯವ್ಯಕ್ಕೆ. ರಾತ್ರಿಯೆಲ್ಲ ಗಟ್ಟಿಯಾಗಿದ್ದ ಧಾರವಾಡ ಬಿಸಿಲೇರಿದಂತೆ ದಿನಾ ಮಾಯವಾಗುವ ಹಾಗೆ ಅಂದೂ ಇಳಿಯುತ್ತ ಬಂತು. ಎಂಟು ದಾಟಿದಾಗ ಗ್ರಹಣ ಶುರು. ಎಂಟೂವರೆಗೆ ದನಿ ಇಲ್ಲ, ಗೆರೆಯ ನೆರಳು ಮಾತ್ರ. ಐದೈದು ನಿಮಿಷಕ್ಕೆ ಅಂತರ ಬರೆಯುತ್ತಿದ್ದೆ. 4, 3, 3. ಒಂಬತ್ತಕ್ಕೆ 5. ಆಮೇಲೆ 8. ಹೊರಗೆ ಬಿಸಿಲು ಮಂಕಾಗಿ, ಹೊಂಗೆ ಮರದ ಕೆಳಗೆ ನೆಲದ ತುಂಬ ಕುಡುಗೋಲಿನಂಥ ಬೆಳಕಿನ ಚೂರುಗಳು. ಗಾಳಿ ತಣ್ಣಗಾಯಿತು. ಒಂಬತ್ತೂ ಕಾಲರ ಹೊತ್ತಿಗೆ ಹೆಡ್‌ಫೋನಿನಲ್ಲಿ ಧಾರವಾಡದ ಕನ್ನಡ ಮಾತು, ಒಂದೊಂದು ಪದ ತಿಳಿಯುವಷ್ಟು. ಅಂತರ 13. ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕೂತಿದ್ದೆ, ಬರೆಯುವುದು ಮರೆತುಹೋಗಿತ್ತು. ಆಮೇಲೆ ಬಿಸಿಲು ಮರಳಿತು, ಗೆರೆ ಮತ್ತೆ ಸವೆಯಿತು. ಕೋಟಾಲದಿನ್ನೆಯ ಆಂಟೆನಾಗಳು ಕೆಲವೇ ಕಿಲೋಮೀಟರ್ ಆಚೆ ಅದೇ ಸೂರ್ಯನ ಕೆಳಗಿದ್ದವು.

ಮನೆಗೆ ಬಂದು ಸ್ನಾನ ಮುಗಿಸಿದ ಮೇಲೆ ಅಮ್ಮ ತಾವೇ ಕೇಳಿದರು, ‘ಏನಾದ್ರೂ ಕೇಳಿಸ್ತಾ?’ ರೆಕಾರ್ಡ್ ಮಾಡಿದ್ದನ್ನು ಹಾಕಿದೆ. ಮೊದಲು ಬರೀ ಉಸಿರು, ಆಮೇಲೆ ಒಳಗಿನಿಂದ ಎದ್ದು ಬರುವ ಮಾತು. ಎರಡು ಸಲ ಹಾಕಿಸಿ ಕೇಳಿದರು.

ಈ ಸುದ್ದಿ ಅಂಗಡಿ ಸಾಲಿನಲ್ಲಿ ಹರಡಿತು. ಪಕ್ಕದ ಟೈಲರ್ ಚಾಚಾ ಮೂವತ್ತು ವರ್ಷದಿಂದ ಬಿಬಿಸಿ ಹಿಂದಿ ಕೇಳುವವರು. ಊರೊಳಗೆ ಸರಿಯಾಗಿ ಸಿಗದೆ ಕೈಬಿಟ್ಟಿದ್ದರು. ಜನವರಿಯಲ್ಲಿ ಬಂದು, ‘ಶಾರ್ಟ್‌ವೇವ್‌ನಲ್ಲಿ ನಿಲ್ಲಿಸ್ತಾರಂತೆ, 31ನೇ ತಾರೀಖು ಕೊನೆ. ಒಂದ್ಸಲ ನಿಮ್ಮ ಹೊಲಕ್ಕೆ ಬರ್ಲಾ ತಮ್ಮಾ?’ ಅಂದರು. 1940ರಿಂದ ನಡೆದುಬಂದ ಪ್ರಸಾರ ಅದು.

2020ರ ಜನವರಿ 31ರ ಸಂಜೆ ಬೈಕ್‌ನಲ್ಲಿ ಅವರನ್ನು ಕರೆದುಕೊಂಡು ಹೋದೆ. ಅದೇ ಸಮಯಕ್ಕೆ ತ್ರೀಫೇಸ್ ಇರಲಿಲ್ಲ, ಹೊಲ ಪೂರ್ತಿ ಶಾಂತ. ಹೆಡ್‌ಫೋನ್ ಬೇಡ ಅಂದರು, ಸ್ಪೀಕರ್ ಹಾಕಿದೆ. ಲೂಪ್ ತಿರುಗಿಸಿ ಒಳ್ಳೆಯ ದಿಕ್ಕಿಗೆ ನಿಲ್ಲಿಸಿದೆ. ಏಳೂವರೆಗೆ ದನಿ ಬಂತು. ಚಾಚಾ ಗೋಣಿಚೀಲದ ಮೇಲೆ ಕೂತು, ಕಣ್ಣು ಮುಚ್ಚಿ, ತಲೆ ಆಡಿಸುತ್ತ ಕೇಳಿದರು. ನಾನು ಅಭ್ಯಾಸಕ್ಕೆ ನೋಟ್‌ಬುಕ್ ತೆಗೆದೆ, 31 ಡಿಬಿ ಅಂತ ಬರೆದೆ.

ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಗೆರೆ ಇತ್ತು. ಬರೀ ಕ್ಯಾರಿಯರ್, ದನಿ ಇಲ್ಲದ ಗೆರೆ. ಚಾಚಾ ಪರದೆಯ ಹತ್ತಿರ ಬಂದು ಅದರ ಮೇಲೆ ಬೆರಳಿಟ್ಟು, ‘ಇದೇನಾ ಅವರು?’ ಅಂದರು. ‘ಹೂಂ ಚಾಚಾ, ಇನ್ನೂ ಇದಾರೆ’ ಅಂದೆ. ಅವರು ಬೆರಳು ತೆಗೆಯುವ ಮೊದಲೇ ಗೆರೆ ಕಡಿಯಿತು. ಕೆಳಗೆ ಹುಲ್ಲು ಮಾತ್ರ ಹರಿಯುತ್ತಿತ್ತು.